ಗೋಧಿ ಬೀಸದ ಒಂದು ಕಲ್ಲು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಿಟ್ಟಿನ ಗಿರಣಿಗಳ ಯಜಮಾನರಿಗೂ, ರೊಟ್ಟಿ ಬಡಿದು ಮಾರುವ ಅವ್ವಂದಿರಿಗೂ ಅಕ್ಕಂದಿರಿಗೂ ಅನಂತ ಶರಣಾರ್ಥಿಗಳು.

ರೋಗದ ವಿಷಯವನ್ನು ವೈದ್ಯರಿಗೂ ಕಾಯಿದೆಯ ವಿಷಯವನ್ನು ಸರಕಾರಕ್ಕೂ ಬರೆಯುವುದು ಲೋಕರೂಢಿಯಾಗಿರುವಲ್ಲಿ, ಆ ರೂಢಿಯನ್ನು ಬದಿಗಿರಿಸಿ, ಬೆಳಗಿನಿಂದ ಬೈಗಿನವರೆಗೆ ಹಿಟ್ಟಿನ ಧೂಳಿಯಲ್ಲಿ ನಿಂತು ದುಡಿಯುವ ತಮಗೂ, ಒಲೆಯ ಉರಿಗೆ ಮುಖವೊಡ್ಡಿ ಕುಳಿತು ಸಂಸಾರದ ಭಾರವನ್ನು ಅಂಗೈಯಲ್ಲಿಯೇ ಹೊತ್ತಿರುವ ತಮಗೂ ನಾನು ಈ ಬಹಿರಂಗ ಪತ್ರವನ್ನು ಬರೆಯುವುದಕ್ಕೆ ಒಂದು ಕಾರಣವುಂಟು. ಗೋಧಿಯಲ್ಲಿರುವ ಒಂದು ಅಂಶವನ್ನು ಯಾವ ರೀತಿಯಿಂದಲೂ ಸಹಿಸಲಾರದ ದೇಹಪ್ರಕೃತಿಯುಳ್ಳವರು ಕೆಲವರು ನಮ್ಮ ನಡುವೆಯೇ ಇದ್ದಾರೆ. ಅವರ ವ್ಯಾಧಿಗೆ ಗುಳಿಗೆಯಾಗಲಿ ಸೂಜಿಯಾಗಲಿ ಇಂದಿಗೂ ಮದ್ದಲ್ಲ, ಪಥ್ಯವೊಂದೇ ಮದ್ದು. ಆ ಪಥ್ಯವಾದರೋ ಆಸ್ಪತ್ರೆಯಿಂದ ಬರುವುದಿಲ್ಲ, ತಮ್ಮ ಗಿರಣಿಯ ಕಲ್ಲಿನಿಂದಲೂ ತಮ್ಮ ಒಲೆಯ ಮೇಲಿನ ಹಂಚಿನಿಂದಲೂ ಬರುತ್ತದೆ. ಆದುದರಿಂದ ಔಷಧವನ್ನು ತಯಾರಿಸುವವರು ತಾವೇ ಎಂದಾಯಿತು, ಮತ್ತು ಔಷಧದ ಶುದ್ಧಿಯನ್ನು ಕುರಿತು ಅದನ್ನು ತಯಾರಿಸುವವರೊಡನೆಯೇ ಮಾತನಾಡಬೇಕಷ್ಟೆ.

ಆ ಅಂಶದ ಹೆಸರು ಗ್ಲುಟೆನ್. ಅದೇನೆಂಬುದನ್ನು ವಿದ್ಯಾವಂತರಿಗೆ ತಿಳಿಸುವುದಕ್ಕಿಂತ ರೊಟ್ಟಿ ಬಡಿಯುವವರಿಗೆ ತಿಳಿಸುವುದು ಸುಲಭ, ಏಕೆಂದರೆ ಅದರ ಇರವನ್ನೂ ಇಲ್ಲದಿರುವುದನ್ನೂ ಅವರ ಬೆರಳುಗಳು ಬಾಲ್ಯದಿಂದಲೇ ಬಲ್ಲವು. ಗೋಧಿಯ ಹಿಟ್ಟಿಗೆ ತಣ್ಣೀರನ್ನೇ ಹಾಕಿ ನಾದಿದರೂ ಅದು ಜಿಗುಟಾಗಿ, ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗಿ, ಲಟ್ಟಣಿಗೆಯ ಕೆಳಗೆ ಹೇಳಿದಂತೆ ಕೇಳಿಕೊಂಡು ತೆಳ್ಳಗಾಗುತ್ತದೆ. ಜೋಳದ ಹಿಟ್ಟಿಗಾದರೋ ಕುದಿಯುವ ಎಸರು ಬೇಕು. ಆ ಬಿಸಿಯಲ್ಲಿ ಪಿಷ್ಟವು ಬೆಂದು ಅಂಟಾದ ಮೇಲೆಯೇ ಮುದ್ದೆ ಕೂಡಿಕೊಳ್ಳುತ್ತದೆ, ಕೂಡಿಕೊಂಡ ಮೇಲೂ ಅದು ಲಟ್ಟಣಿಗೆಗೆ ಸುಲಭವಾಗಿ ಒಗ್ಗದೆ ಅಂಗೈಯ ತಟ್ಟನ್ನೇ ಬೇಡುತ್ತದೆ, ಸ್ವಲ್ಪ ಅಜಾಗರೂಕತೆಯಾದರೂ ಅಂಚು ಸೀಳಿಬಿಡುತ್ತದೆ. ಗೋಧಿಗೆ ಆ ಹಿಗ್ಗುವ ಗುಣವನ್ನು ಕೊಡುವವು ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು. ನೀರು ಸೋಕಿದೊಡನೆ ಅವು ಒಂದರೊಡನೊಂದು ಹೆಣೆದುಕೊಂಡು ಗ್ಲುಟೆನ್ ಆಗುತ್ತವೆ. ಬಾರ್ಲಿಯಲ್ಲಿಯೂ, ಶೀತದೇಶಗಳಲ್ಲಿ ಬೆಳೆಯುವ ರೈ ಎಂಬ ಧಾನ್ಯದಲ್ಲಿಯೂ ಇದರ ದಾಯಾದಿಗಳಿವೆ. ಜೋಳ, ಸಜ್ಜೆ, ನವಣೆ, ಸಾವೆ, ರಾಗಿ, ಅಕ್ಕಿ, ಗೋವಿನಜೋಳಗಳಲ್ಲಿ ಇದು ಇಲ್ಲ. ಕಡಲೆ, ತೊಗರಿ, ಹೆಸರು ಮೊದಲಾದ ಕಾಳುಗಳಲ್ಲಿಯೂ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಹಿತವೆಂಬ ನಂಬಿಕೆಯಿಂದ ಈಚೆಗೆ ಪುನಃ ಬಳಕೆಗೆ ಬರುತ್ತಿರುವ ಜವೆಗೋಧಿಯಲ್ಲಿ ಮಾತ್ರ ಇದು ಧಾರಾಳವಾಗಿ ಇದೆ. ಪುರಾತನವಾದರೂ ಅದು ಗೋಧಿಯೇ.

ಇಷ್ಟನ್ನು ಕೇಳಿದವರು, ಹಾಗಾದರೆ ನಮ್ಮ ಜಿಲ್ಲೆಗೆ ಈ ಚಿಂತೆಯೇ ಬೇಡವಲ್ಲ ಎಂದಾರು. ಮೇಲುನೋಟಕ್ಕೆ ಆ ಮಾತು ಸರಿ. ಯಲಬುರ್ಗಾದ ಎರಿಯ ಹೊಲಗಳಲ್ಲಿ ಹಿಂಗಾರಿಯ ಬಿಳಿಜೋಳ. ಕುಷ್ಟಗಿಯ ಮಸಾರಿಯಲ್ಲಿ ಸಜ್ಜೆ, ನವಣೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರೆಯ ಅಣೆಕಟ್ಟಿನಿಂದ ಹೊರಟ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ ಕಾರಟಗಿಗಳ ಸುತ್ತ ಕಣ್ಣು ಹಾಯುವವರೆಗೂ ಭತ್ತ: ಹೀಗೆ ಒಂದು ಜಿಲ್ಲೆಯ ಸೀಮೆಗಳೆಲ್ಲವೂ ಗ್ಲುಟೆನ್ ಇಲ್ಲದ ಧಾನ್ಯವನ್ನೇ ಬೆಳೆದು ತಿನ್ನುತ್ತ ಬಂದಿರುವಾಗ, ಈ ರೋಗಿಗೆ ಇದಕ್ಕಿಂತ ಅನುಕೂಲವಾದ ನಾಡು ಭೂಮಂಡಲದಲ್ಲಿಯೇ ವಿರಳವೆನ್ನಬೇಕು. ಹಿಂದೆ ಗೋಧಿಯು ನಮ್ಮಲ್ಲಿ ಹಬ್ಬದ ಧಾನ್ಯವಾಗಿತ್ತು. ಹುಗ್ಗಿಗೆ, ಹೋಳಿಗೆಗೆ, ಮಾದಲಿಗೆ, ಬೀಗರು ಬಂದ ದಿನದ ಶಾವಿಗೆಗೆ ಅದನ್ನು ಹೊರತೆಗೆದು, ಮರುದಿನ ಮತ್ತೆ ಜೋಳದ ರೊಟ್ಟಿಗೆ ಮರಳುತ್ತಿದ್ದರು. ಈಗ ಚಪಾತಿಯು ನಿತ್ಯದ ಊಟವಾಗಿದೆ, ಬೆಳಗಿನ ಉಪ್ಪಿಟ್ಟಿನ ರವೆ ಗೋಧಿಯದು, ಚಹದೊಡನೆ ಬರುವ ಬಿಸ್ಕತ್ತು, ಟೋಸ್ಟು, ಬನ್ನುಗಳು ಮೈದಾದವು, ಸಂಜೆಯ ಗೋಬಿ ಮಂಚೂರಿಯ ಮೇಲಿನ ಹೊದಿಕೆಯೂ ಮೈದಾದ್ದೇ, ಅದಕ್ಕೆ ಸುರಿಯುವ ಕಪ್ಪು ಸೋಯಾ ರಸದಲ್ಲಿಯೂ ಪ್ರಾಯಶಃ ಗೋಧಿಯಿರುತ್ತದೆ. ಹಬ್ಬದ ಧಾನ್ಯವು ದಿನದ ಧಾನ್ಯವಾದುದನ್ನು ನಾನು ನಿಂದಿಸುತ್ತಿಲ್ಲ. ಬಡವನ ತಟ್ಟೆಗೆ ಚಪಾತಿ ಬಂದರೆ ಅದನ್ನು ಕಸಿಯುವ ಹಕ್ಕು ಯಾರಿಗಿದೆ? ಬೆಳೆಯುವುದು ಒಂದಾಗಿ ತಿನ್ನುವುದು ಇನ್ನೊಂದಾದ ಕಾಲದಲ್ಲಿ, ಏನನ್ನು ತಿನ್ನುತ್ತಿದ್ದೇವೆಂಬುದು ತಿನ್ನುವವನಿಗೆ ತಿಳಿದಿರಬೇಕೆಂಬುದಷ್ಟೇ ನನ್ನ ವಾದ.

ಈ ವ್ಯಾಧಿಗೆ ಸೀಲಿಯಾಕ್ ಎಂದು ಹೆಸರು. ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾಶಕ್ತಿಯು ಶತ್ರುವೆಂದು ಭ್ರಮಿಸಿ ತನ್ನದೇ ಸಣ್ಣಕರುಳಿನ ಮೇಲೆ ಬೀಳುತ್ತದೆ. ಅನ್ನದ ಸಾರವನ್ನು ಹೀರಿಕೊಳ್ಳುವ ಕರುಳಿನ ಒಳಮೈಯ ಸೂಕ್ಷ್ಮವಾದ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಕೆಲವರಿಗೆ ಭೇದಿಯೂ ಹೊಟ್ಟೆಯುಬ್ಬರವೂ ತೋರುತ್ತವೆ. ಕೆಲವು ಮಕ್ಕಳು ಬೆಳೆಯದೆ ನಿಲ್ಲುತ್ತಾರೆ. ಇನ್ನು ಕೆಲವರಲ್ಲಿ, ವಿಶೇಷವಾಗಿ ಹೆಂಗಸರಲ್ಲಿ, ಎಷ್ಟು ಕಬ್ಬಿಣದ ಗುಳಿಗೆ ನುಂಗಿದರೂ ಏರದ ರಕ್ತಹೀನತೆಯೊಂದೇ ಕುರುಹಾಗಿರುತ್ತದೆ. ಇದು ಅಂಟುರೋಗವಲ್ಲ, ಪಾಪದ ಫಲವಲ್ಲ, ದೃಷ್ಟಿ ತಗುಲಿದ್ದೂ ಅಲ್ಲ.

ಗೋಧಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಲೋಕಕ್ಕೆ ತೋರಿಸಿಕೊಟ್ಟವನು ವಿಲೆಮ್ ಡಿಕೆ ಎಂಬ ಡಚ್ಚರ ಮಕ್ಕಳ ವೈದ್ಯ. ಎರಡನೆಯ ಮಹಾಯುದ್ಧಕ್ಕೆ ಮುಂಚಿನಿಂದಲೂ ಅವನಿಗೆ ಗೋಧಿಯ ರೊಟ್ಟಿಯ ಮೇಲೆ ಸಂಶಯವಿತ್ತು. 1944ರ ಕೊನೆಯಿಂದ 1945ರವರೆಗಿನ ಚಳಿಗಾಲದಲ್ಲಿ ಜರ್ಮನರ ದಿಗ್ಬಂಧದಿಂದ ಹಾಲೆಂಡಿನಲ್ಲಿ ಘೋರ ಕ್ಷಾಮವುಂಟಾಗಿ, ಜನರು ಟ್ಯೂಲಿಪ್ ಹೂವಿನ ಗಡ್ಡೆಗಳನ್ನು ಬೇಯಿಸಿ ತಿನ್ನುವ ದುರ್ದಶೆಗಿಳಿದಾಗ, ಉಳಿದೆಲ್ಲರೂ ಸೊರಗುತ್ತಿದ್ದಂತೆ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಳ್ಳುತ್ತಿದ್ದರು. ಕ್ಷಾಮ ಕಳೆದು ಗೋಧಿಯ ರೊಟ್ಟಿ ಮರಳಿ ಬಂದೊಡನೆ ಅದೇ ಮಕ್ಕಳು ಮತ್ತೆ ಮಲಗಿದರು. 1950ರಲ್ಲಿ ಅವನು ಬರೆದ ಪ್ರಬಂಧದಿಂದ ಶಾಸ್ತ್ರವು ಸ್ಥಿರಪಟ್ಟಿತು. ಬರಗಾಲವೆಂದರೇನೆಂದು ಬಲ್ಲ ನಮ್ಮ ಸೀಮೆಯವರಿಗೆ, ಒಂದು ಬರಗಾಲವು ಹೀಗೆ ಕೆಲವು ಕೂಸುಗಳ ಪಾಲಿಗೆ ವೈದ್ಯನಾಗಿ ಬಂದುದನ್ನು ಕೇಳಿದಾಗ ಸೋಜಿಗವಾಗದಿರದು.

ನಮ್ಮ ದೇಶದ ಸಂಗತಿಯನ್ನೂ ಹೇಳಬೇಕು. ಡಾ. ಬಿ. ಎಸ್. ರಾಮಕೃಷ್ಣ ಮೊದಲಾದವರು 23 ಸಾವಿರಕ್ಕೂ ಮಿಕ್ಕಿದ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ರೋಗವು ಉತ್ತರ ಭಾರತದಲ್ಲಿ ಸಾವಿರಕ್ಕೆ ಎಂಟು ಮಂದಿಗೂ ಹೆಚ್ಚಿನವರಲ್ಲಿ ಕಂಡುಬಂದರೆ, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರ ಸುಮಾರು. ಆದರೆ ರೋಗಕ್ಕೆ ಎಡೆಮಾಡಿಕೊಡುವ ಅನುವಂಶಿಕ ಲಕ್ಷಣವು ಎರಡು ಕಡೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಮೂವರಲ್ಲಿ ಒಬ್ಬರಿಗಿಂತ ಹೆಚ್ಚಾಗಿ, ಇತ್ತು. ಭೇದವಿದ್ದುದು ದಿನಕ್ಕೆ ತಿನ್ನುವ ಗೋಧಿಯಲ್ಲಿ: ಉತ್ತರದವರು 450 ಗ್ರಾಂನಷ್ಟು, ದಕ್ಷಿಣದವರು 40 ಗ್ರಾಂಗೂ ಕಡಿಮೆ. ದಕ್ಷಿಣವೆಂದು ಅಲ್ಲಿ ಲೆಕ್ಕಕ್ಕೆ ಬಂದುದು ಅನ್ನ ಉಣ್ಣುವ ತಮಿಳು ಸೀಮೆ. ಚಪಾತಿಯನ್ನು ದಿನದಿನಕ್ಕೆ ಹೆಚ್ಚಾಗಿ ತಿನ್ನುತ್ತಿರುವ ನಮ್ಮ ಭಾಗಕ್ಕೆ ಆ ಅಲ್ಪಸಂಖ್ಯೆಯನ್ನು ಹಾಗೆಯೇ ಹಚ್ಚಿ ನಿಶ್ಚಿಂತರಾಗಿ ಕೂಡುವುದು ವಿವೇಕವೆಂದು ನನಗೆ ತೋರುವುದಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಈ ಪತ್ರವನ್ನು ಓದಿ ಯಾರೂ ತಾವಾಗಿಯೇ ಗೋಧಿಯನ್ನು ಬಿಡಬಾರದು. ರಕ್ತಪರೀಕ್ಷೆಯಿಂದಲೂ, ಅಗತ್ಯ ಬಿದ್ದರೆ ಕರುಳಿನ ಒಳಪದರದ ಚೂರನ್ನು ತೆಗೆದು ನೋಡುವುದರಿಂದಲೂ ರೋಗದ ನಿರ್ಣಯವಾಗುತ್ತದೆ. ಪರೀಕ್ಷೆಗೆ ಮುಂಚೆಯೇ ಗೋಧಿಯನ್ನು ಬಿಟ್ಟರೆ ಇದ್ದ ರೋಗವೂ ಮರೆಯಾಗಿ ನಿರ್ಣಯವೇ ಕೆಡುತ್ತದೆ. 2015ರಿಂದ ಕೊಪ್ಪಳದಲ್ಲಿಯೇ ವೈದ್ಯಕೀಯ ಮಹಾವಿದ್ಯಾಲಯವಿದೆ. ಸಂದೇಹವುಳ್ಳವರು ಮೊದಲು ವೈದ್ಯರನ್ನು ಕಾಣಲಿ, ಅನಂತರ ಪಥ್ಯ.

ನಮ್ಮ ಬಳಗದಲ್ಲಿಯೇ ಇಂಥ ಒಬ್ಬ ಬಾಲಕನಿದ್ದಾನೆ. ನಿರ್ಣಯವಾದ ಮೇಲೆ ಅವನ ತಾಯಿಯು ಮನೆಯಿಂದ ಮೈದಾ, ರವೆ, ಶಾವಿಗೆಗಳನ್ನೆಲ್ಲ ಹೊರಗೆ ಹಾಕಿ, ಜೋಳದ ರೊಟ್ಟಿ, ಅನ್ನ, ನವಣೆಯ ಅನ್ನ, ಮಂಡಾಳ ಇಷ್ಟರಲ್ಲಿಯೇ ಅವನನ್ನು ಸಾಕತೊಡಗಿದಳು, ಹುಡುಗ ಚೇತರಿಸಿಕೊಂಡ. ಆದರೆ ಮಧ್ಯೆ ಮಧ್ಯೆ ಕಾರಣ ತಿಳಿಯದೆ ಹೊಟ್ಟೆ ಕೆಡುವುದು ನಿಲ್ಲಲಿಲ್ಲ. ಅವನು ಶಾಲೆಯಲ್ಲಿ ಕದ್ದು ಏನಾದರೂ ತಿನ್ನುತ್ತಿರಬಹುದೆಂದು ಹಿರಿಯರು ಗದರಿಸಿದರು. ಕಡೆಗೊಂದು ದಿನ ಜೋಳ ಬೀಸಿಸಲು ಹೋಗಿದ್ದ ತಾಯಿಯು ಸರದಿ ಕಾಯುತ್ತ ನಿಂತಲ್ಲಿಂದ ಕಂಡುದನ್ನು ಮನೆಗೆ ಬಂದು ಹೇಳಿದಳು: "ನಮ್ಮ ಜ್ವಾಳದ ಮುಂದ ಗೋದಿ ಬೀಸಿದ್ರರೀ. ಅದಽ ಕಲ್ಲು, ಅದಽ ಚೀಲ." ಗಿರಣಿಯ ಯಜಮಾನರು ಒಳ್ಳೆಯವರು, ಕೇಳಿದ್ದಕ್ಕೆ ಮರೆಮಾಚದೆ, "ಎಲ್ಲಾ ಗಿರಣ್ಯಾಗೂ ಹಿಂಗಽ ಐತಿ, ತಂಗಿ" ಎಂದರು. ಅವರು ಹೇಳಿದುದು ಸತ್ಯ, ಮತ್ತು ಆ ಸತ್ಯವೇ ಈ ಪತ್ರದ ಮೂಲ.

ಗಿರಣಿಯ ಯಜಮಾನರೆ, ಈಗ ತಮ್ಮೊಡನೆ ಸ್ವಲ್ಪ ಲೆಕ್ಕದ ಮಾತು. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳು ಕೂಡಿ ನಡೆಸುವ ಕೋಡೆಕ್ಸ್ ಆಯೋಗವು ಗ್ಲುಟೆನ್ ರಹಿತವೆನಿಸಿಕೊಳ್ಳಬೇಕಾದ ಆಹಾರಕ್ಕೆ 2008ರಲ್ಲಿ ನಿಗದಿ ಮಾಡಿದ ಮಿತಿ ಒಂದು ಕಿಲೋಗೆ 20 ಮಿಲಿಗ್ರಾಂ. ಭಾರತದ ನಿಯಮವೂ ಅದೇ. ಗೋಧಿ ಹಿಟ್ಟಿನ ನೂರು ಪಾಲಿನಲ್ಲಿ ಸುಮಾರು ಎಂಟು ಪಾಲು ಗ್ಲುಟೆನ್ ಎಂದು ಹಿಡಿದರೂ, 20 ಮಿಲಿಗ್ರಾಂ ಗ್ಲುಟೆನ್ ಬರುವುದಕ್ಕೆ ಕಾಲು ಗ್ರಾಂ ಗೋಧಿ ಹಿಟ್ಟು ಸಾಕು. ಕಾಲು ಗ್ರಾಂ ಎಂದರೆ ಎರಡು ಬೆರಳಿನ ನಡುವೆ ಹಿಡಿದ ಚಿಟಿಕೆಗಿಂತಲೂ ಕಡಿಮೆ. ಒಂದು ಕಿಲೋ ಜೋಳದ ಹಿಟ್ಟಿನಲ್ಲಿ ಅದಕ್ಕಿಂತ ಎಳ್ಳಷ್ಟು ಹೆಚ್ಚು ಗೋಧಿ ಬೆರೆತರೂ ಮಿತಿಯು ಮೀರಿಹೋಯಿತು. ಗೋಧಿ ಬೀಸಿದ ಮೇಲೆ ಕಲ್ಲಿನ ಗೆರೆಗಳಲ್ಲಿ, ಕಲ್ಲಿನ ಸುತ್ತಲಿನ ತಗಡಿನ ಒಳಮೈಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದ ಮಡಿಕೆಗಳಲ್ಲಿ ಉಳಿಯುವುದೆಷ್ಟು ಎಂಬುದನ್ನು ನನಗಿಂತ ತಾವು ಬಲ್ಲಿರಿ. ಅದು ಚಿಟಿಕೆಗಳ ಲೆಕ್ಕಕ್ಕೆ ಸಿಕ್ಕುವುದಿಲ್ಲ, ಹಿಡಿಗಳ ಲೆಕ್ಕದಲ್ಲಿರುತ್ತದೆ. ತಮ್ಮ ಹಳೆಯ ಗಿರಾಕಿಗಳು, ಮೊದಲು ಬೀಸಿಸಿದವರ ಹಿಟ್ಟು ತಮ್ಮದರಲ್ಲಿ ಬೆರೆಯದಿರಲೆಂದು ಚೀಲವನ್ನು ಬಡಿದು ಕೊಡಿರೆಂದು ಕೇಳುವುದುಂಟಲ್ಲವೆ? ಅದು ತೂಕಕ್ಕಾಗಿಯೂ ರುಚಿಗಾಗಿಯೂ ಇದ್ದ ಜಾಣತನ. ಈ ರೋಗಿಗೆ ಆ ಬಡಿತ ಸಾಲದು. ಮೊದಲು ಸೇರು ಎರಡು ಸೇರು ಜೋಳವನ್ನು ಬೀಸಿ ಅದನ್ನು ದನಕ್ಕೆ ಹಾಕಿ, ಆಮೇಲೆ ಬಂದ ಹಿಟ್ಟನ್ನು ಕೊಟ್ಟರೆ ಬೆರಕೆ ಕಡಿಮೆಯಾಗುವುದು ನಿಜ. ಇಲ್ಲವಾಗುವುದೆಂದು ಯಾರೂ ಪ್ರಮಾಣ ಮಾಡಲಾರರು. ಹಿಂದೆ ಮನೆಮನೆಗೂ ಬೀಸುಕಲ್ಲಿದ್ದಾಗ ಎಲ್ಲವೂ ಶುದ್ಧವಾಗಿತ್ತೆಂದು ಹಳಹಳಿಸುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಹೆಂಗಸರ ರಟ್ಟೆ ಮುರಿಯುತ್ತಿದ್ದ ಆ ಕಲ್ಲಿನಲ್ಲಿಯೂ ಹಬ್ಬದ ಮುನ್ನಾದಿನ ಗೋಧಿಯನ್ನೇ ಬೀಸುತ್ತಿದ್ದರು.

ಆದುದರಿಂದ ನನ್ನ ಬೇಡಿಕೆ ಒಂದೇ. ಕೊಪ್ಪಳದಲ್ಲೊಂದು, ಗಂಗಾವತಿಯಲ್ಲೊಂದು, ಕುಷ್ಟಗಿಯಲ್ಲೊಂದು, ಯಲಬುರ್ಗಾದಲ್ಲೊಂದು, ಹೀಗೆ ನಾಲ್ಕು ಊರುಗಳಲ್ಲಿ ನಾಲ್ಕು ಗಿರಣಿಗಳಾದರೂ, ಎರಡೋ ಮೂರೋ ಕಲ್ಲುಗಳಿರುವ ಕಡೆ ಒಂದು ಕಲ್ಲನ್ನು ಗೋಧಿಗೆ ಎಂದೆಂದಿಗೂ ಕೊಡದೆ ಜೋಳ, ಸಜ್ಜೆ, ನವಣೆ, ಅಕ್ಕಿಗಳಿಗೆ ಮಾತ್ರ ಮೀಸಲಿಡಬೇಕು. ಅದರ ಚೀಲ ಬೇರೆ, ಬುಟ್ಟಿ ಬೇರೆ, ಕಸಬರಿಗೆ ಬೇರೆ. ಸಾಧ್ಯವಾದರೆ ಗೋಧಿಯ ಕಲ್ಲಿಗೂ ಅದಕ್ಕೂ ನಡುವೆ ಒಂದು ಗೋಡೆ, ಏಕೆಂದರೆ ಗೋಧಿಯ ಧೂಳಿಯು ಗಾಳಿಯಲ್ಲಿಯೂ ನಡೆದುಬರುತ್ತದೆ. ಜವೆಗೋಧಿಯನ್ನೂ ಬಾರ್ಲಿಯನ್ನೂ ಅದರ ಬಾಯಿಗೆ ಹಾಕಕೂಡದು. ಐದು ಧಾನ್ಯ ಬೆರೆಸಿದ ಹಿಟ್ಟಂತೂ ಸರ್ವಥಾ ಕೂಡದು. ನಮ್ಮ ಜನರು ಜೋಳವನ್ನು ತಿನ್ನುವುದನ್ನು ಇನ್ನೂ ಬಿಟ್ಟಿಲ್ಲವಾದುದರಿಂದ ಅಂಥ ಕಲ್ಲು ಕೆಲಸವಿಲ್ಲದೆ ನಿಲ್ಲುವ ಭಯವಿಲ್ಲ. ಪಂಜಾಬಿನ ಗಿರಣಿಯವನಿಗೆ ದುಸ್ಸಾಧ್ಯವಾದ ಈ ವ್ಯವಸ್ಥೆ ಯಲಬುರ್ಗಾದ ಗಿರಣಿಯವರಿಗೆ ಸುಲಭಸಾಧ್ಯ. ಇದು ಮಡಿಮೈಲಿಗೆಯ ಮಾತೆಂದು ಯಾರಾದರೂ ನಕ್ಕರೆ, ಮಡಿಯು ಮನುಷ್ಯರನ್ನು ದೂರವಿಟ್ಟಿತು, ಇಲ್ಲಿ ದೂರವಿಡುತ್ತಿರುವುದು ಒಂದು ಹಿಟ್ಟನ್ನು ಎಂದು ತಾವು ಉತ್ತರ ಕೊಡಬಹುದು.

ಇನ್ನು ರೊಟ್ಟಿಯ ಅವ್ವಂದಿರಿಗೆ. ನಮ್ಮ ಕಡೆಯ ಕಡಕ್ ರೊಟ್ಟಿಗಳು ಈಗ ಪ್ಯಾಕೇಟುಗಳಲ್ಲಿ ತುಂಬಿ ಹುಬ್ಬಳ್ಳಿಗೂ ಬೆಂಗಳೂರಿಗೂ ಪ್ರಯಾಣ ಮಾಡುತ್ತಿರುವುದು ಹೆಮ್ಮೆಯ ವಿಷಯ. ಪ್ಯಾಕೇಟಿನ ಮೇಲೆ ಅಂಟಿಸುವ ಚೀಟಿಯನ್ನು ಅಚ್ಚು ಹಾಕುವವನು, ಪೇಟೆಯಲ್ಲಿ ಬೇಡಿಕೆಯಿದೆಯೆಂಬ ಕಾರಣಕ್ಕೆ, 'ಗ್ಲುಟೆನ್ ಫ್ರೀ' ಎಂಬ ಎರಡು ಶಬ್ದಗಳನ್ನೂ ಸೇರಿಸಿಬಿಡೋಣವೆಂದು ಸಲಹೆ ಕೊಡುತ್ತಾನೆ. ಜೋಳದಲ್ಲಿ ಗ್ಲುಟೆನ್ ಇಲ್ಲವೆಂಬುದು ದಿಟವಾದುದರಿಂದ ಆ ಸಲಹೆಯಲ್ಲಿ ಸುಳ್ಳೇನೂ ಕಾಣುವುದಿಲ್ಲ. ಆದರೆ ಹಿಟ್ಟು ಬಂದುದು ಗೋಧಿ ಬೀಸುವ ಗಿರಣಿಯಿಂದ. ಅದೇ ಹಂಚಿನ ಮೇಲೆ ಬೆಳಿಗ್ಗೆ ಚಪಾತಿ ಬೇಯಿಸಿದ್ದಾಗಿದೆ. ರೊಟ್ಟಿಯು ಲಟ್ಟಣಿಗೆಗೆ ಒಗ್ಗಲೆಂದು ಒಂದು ಹಿಡಿ ಗೋಧಿ ಹಿಟ್ಟನ್ನು ಬೆರೆಸುವ ವಾಡಿಕೆಯೂ ಕೆಲವು ಕಡೆ ಇದೆ, ಮಣೆಯ ಮೇಲೆ ಉದುರಿಸುವ ಹಿಟ್ಟು ಯಾವುದೆಂದು ಯಾರೂ ಕೇಳುವುದಿಲ್ಲ. ಆ ಎರಡು ಶಬ್ದಗಳನ್ನು ನಂಬಿ ಕೊಳ್ಳುವವನು ಚಪಲಕ್ಕಾಗಿ ಕೊಳ್ಳುವವನಾದರೆ ಅವನಿಗೆ ನಷ್ಟವಿಲ್ಲ. ರೋಗಿಯಾದರೆ, ಅವನ ಕರುಳು ಅದರ ಬೆಲೆಯನ್ನು ಕೊಡುತ್ತದೆ. ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ 20 ಮಿಲಿಗ್ರಾಂನ ಒಳಗಿದೆಯೆಂದು ಸಿದ್ಧವಾಗದೆ ಆ ಶಬ್ದಗಳನ್ನು ಬರೆಯುವುದು ನಿಯಮಕ್ಕೂ ವಿರೋಧ, ಧರ್ಮಕ್ಕೂ ವಿರೋಧ.

ಹಾಗಾದರೆ ಏನನ್ನು ಬರೆಯಬೇಕು? ಇದ್ದುದನ್ನು ಇದ್ದಂತೆ ಬರೆದರೆ ಸಾಕು. 'ಸಾಮಗ್ರಿ: ಬಿಳಿಜೋಳ, ನೀರು, ಉಪ್ಪು. ಗೋಧಿಯನ್ನೂ ಬೀಸುವ ಗಿರಣಿಯಲ್ಲಿ ಬೀಸಿದ ಹಿಟ್ಟು' ಎಂದು ಬರೆದವಳ ರೊಟ್ಟಿಯನ್ನು ನಮ್ಮ ಹುಡುಗನ ತಾಯಿ ಕೊಳ್ಳುವುದಿಲ್ಲ, ಆದರೆ ಆ ಅವ್ವನನ್ನು ಜನ್ಮಪರ್ಯಂತ ನಂಬುತ್ತಾಳೆ. ಉಳಿದ ಲಕ್ಷಾಂತರ ಗಿರಾಕಿಗಳು ಆ ಸಾಲಿನಿಂದ ಹಿಂಜರಿಯುವ ಕಾರಣವೂ ಇಲ್ಲ. ಮೇಲೆ ಹೇಳಿದ ಮೀಸಲು ಕಲ್ಲು ಬಂದ ಮೇಲೆ, 'ಗೋಧಿ ಬೀಸದ ಕಲ್ಲಿನಲ್ಲಿ ಬೀಸಿದ ಹಿಟ್ಟು, ಚಪಾತಿ ಬೇಯಿಸದ ಹಂಚು' ಎಂದು ಬರೆಯುವ ಅವಕಾಶ ತಮಗೆ ದೊರೆಯುತ್ತದೆ. ರೋಗವುಳ್ಳ ಮನೆಯವರು ಇಂಗ್ಲಿಷಿನ ಎರಡು ಶಬ್ದಗಳಿಗಿಂತ ಈ ಸಾಲನ್ನು ಹೆಚ್ಚು ಆದರದಿಂದ ಓದುವರೆಂದು ನನ್ನ ನಂಬಿಕೆ.

ಚೀಟಿಯ ಭಾಷೆಯ ವಿಷಯ ಬಂದುದರಿಂದ ಅದನ್ನೂ ಇಲ್ಲಿಯೇ ಮುಗಿಸುತ್ತೇನೆ. 2006ರ ಆಹಾರ ಸುರಕ್ಷತೆಯ ಕಾಯಿದೆಯ ಅಡಿಯಲ್ಲಿ 2020ರಲ್ಲಿ ಹೊರಬಂದ ಲೇಬಲ್ಲಿನ ನಿಯಮಗಳು, ಗ್ಲುಟೆನ್ ಇರುವ ಧಾನ್ಯ, ಹಾಲು, ಶೇಂಗಾ, ಸೋಯಾ ಮೊದಲಾದ, ಕೆಲವರಿಗೆ ಒಗ್ಗದ ಪದಾರ್ಥಗಳು ಆಹಾರದಲ್ಲಿದ್ದರೆ ಅದನ್ನು ಪ್ರತ್ಯೇಕವಾಗಿ ಸೂಚಿಸಬೇಕೆಂದು ವಿಧಿಸುತ್ತವೆ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ, ಹೆಚ್ಚಿರುವುದನ್ನು ಮೊದಲು, ಬರೆಯಬೇಕೆಂದೂ ವಿಧಿಸುತ್ತವೆ. ಆದರೆ ಇವೆಲ್ಲವೂ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಸಾಕೆಂಬುದು ನಿಯಮ. ಬೇರೆ ಭಾಷೆಯು ಬೇಕಾದರೆ ಜೊತೆಗಿರಬಹುದು, ಇರಲೇಬೇಕೆಂಬ ಕಟ್ಟಳೆ ಆ ನಿಯಮಗಳಲ್ಲಿಲ್ಲ. ಕನ್ನಡವನ್ನು ಮಾತ್ರ ಓದಬಲ್ಲ ಕುಷ್ಟಗಿಯ ತಾಯಿಗೆ ಆ ಸೂಚನೆಯು ಇದ್ದರೂ ಇಲ್ಲದಂತೆಯೇ. ಸಜ್ಜೆಯ ತೆನೆಯ ಚಿತ್ರವಿರುವ ಬಿಸ್ಕತ್ತಿನ ಪೊಟ್ಟಣವನ್ನು ಸಿರಿಧಾನ್ಯದ್ದೆಂದು ನಂಬಿ ಅವಳು ಕೊಳ್ಳುತ್ತಾಳೆ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಮೊದಲನೆಯ ಹೆಸರು ಮೈದಾದ್ದಾಗಿದ್ದು ಸಜ್ಜೆಯು ಐದನೆಯದೋ ಆರನೆಯದೋ ಆಗಿರುತ್ತದೆ. ನವಣೆಯ ಶಾವಿಗೆಯಲ್ಲಿಯೂ, ಎಳೆ ಮುರಿಯದಿರಲೆಂದು, ಗೋಧಿಯ ರವೆಯನ್ನು ಸೇರಿಸುವವರು ಬಹಳ. ಬೆಳೆಯುವ ಮಗುವಿಗೆಂದು ಹಾಲಿಗೆ ಹಾಕುವ ಮಾಲ್ಟ್ ಪುಡಿಗಳಲ್ಲಿ ಬಹುಪಾಲು ಬಾರ್ಲಿಯವು. ದೊಡ್ಡ ಕಂಪನಿಗಳು ಕನ್ನಡವನ್ನು ಎಂದು ಕಲಿಯುವವೋ ಕಾಣೆ. ತಮ್ಮ ಚೀಟಿಯನ್ನು ತಾವೇ ಬರೆಯಿಸುವುದರಿಂದ, ತಾವಾದರೂ ಗೋಧಿ ಎಂಬುದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯಿಸುವುದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ.

ಪೇಟೆಯ ಫ್ಯಾಷನ್ನಿನ ವಿಷಯದಲ್ಲಿ ನನ್ನ ಮನಸ್ಸು ಎರಡಾಗಿದೆಯೆಂಬುದನ್ನು ಮುಚ್ಚಿಡಲಾರೆ. ರೋಗವಿಲ್ಲದವರು ಗೋಧಿಯನ್ನು ಬಿಡುವುದರಿಂದ ವಿಶೇಷ ಲಾಭವೇನೂ ಇಲ್ಲ. ಗೋಧಿಯ ಬದಲಿಗೆ ಬರೇ ಪಿಷ್ಟವನ್ನೂ ಸಕ್ಕರೆಯನ್ನೂ ತುಂಬಿದ ದುಬಾರಿ ಪೊಟ್ಟಣಗಳನ್ನು ತಿಂದರೆ ನಷ್ಟವೇ ಉಂಟು. ಬೆಂಗಳೂರಿನ ಅಂಗಡಿಯೊಂದರಲ್ಲಿ ಅಕ್ಕಿಯ ಚೀಲದ ಮೇಲೂ 'ಗ್ಲುಟೆನ್ ಫ್ರೀ' ಎಂಬ ಮುದ್ರೆಯನ್ನು ಕಂಡು, ಗಂಗಾವತಿಯ ರೈತನು ತನ್ನ ಸೋನಾ ಮಸೂರಿಗೆ ಇದ್ದಕ್ಕಿದ್ದಂತೆ ಇಂಥ ಬಿರುದು ಬಂದುದನ್ನು ಕೇಳಿದರೆ ಏನೆಂದಾನೆಂದು ಯೋಚಿಸಿ ನಗು ಬಂತು. ಆದರೆ 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗಿನಿಂದ ನವಣೆ ಸಾವೆಗಳನ್ನು ಕೇಳಿಕೊಂಡು ಬರುವ ಗಿರಾಕಿಗಳು ಹೆಚ್ಚಿದ್ದಾರೆ, ಮತ್ತು ಅದರಿಂದ ಮಳೆಯನ್ನೇ ನಂಬಿದ ಕುಷ್ಟಗಿಯ ಮಸಾರಿಯ ರೈತನ ಕೈಗೆ ನಾಲ್ಕು ಕಾಸು ಹೆಚ್ಚಾಗಿ ಬರುವುದಾದರೆ, ಆ ಫ್ಯಾಷನ್ನನ್ನು ಪೂರ್ತಿಯಾಗಿ ಬಯ್ಯಲು ನಾಲಗೆ ಏಳುವುದಿಲ್ಲ.

ಬಯ್ಯುವುದಕ್ಕಿಂತ ಕಷ್ಟವಾದ ಸಂಗತಿಯೊಂದಿದೆ. ಅದು ಪ್ರೀತಿಯಿಂದ ಬರುವ ಗೋಧಿ. ನಾಗರಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬದಲ್ಲಿ ಓಣಿಯ ಮನೆಮನೆಗಳಿಂದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿ, ಬಗೆಬಗೆಯ ಪಲ್ಯ, ಚಟ್ನಿಗಳು ಬಂದಾಗ, ಯಾರ ಹಿಟ್ಟು ಎಲ್ಲಿ ಬೀಸಿದ್ದೆಂದು ಕೇಳುವ ಧೈರ್ಯ ಯಾವ ತಾಯಿಗೆ ಬರುತ್ತದೆ? ಕೊಪ್ಪಳದ ಗವಿಸಿದ್ಧೇಶ್ವರನ ಜಾತ್ರೆಯಲ್ಲಿ, ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿಯೂ ಬಂಡಿಗಳಲ್ಲಿಯೂ ಲಕ್ಷಾಂತರ ರೊಟ್ಟಿಗಳು ಬಂದು ರಾಶಿಯಾಗುವ ಆ ಮಹಾದಾಸೋಹದಲ್ಲಿ, ಪಂಕ್ತಿಗೆ ಕುಳಿತ ಹುಡುಗನ ಎಲೆಗೆ ಮಾದಲಿ ಬೀಳುತ್ತದೆ. ಅದು ಗೋಧಿಯದು, ಮತ್ತು ಅದು ಪ್ರಸಾದ. ಬೇಡವೆಂದವನನ್ನು ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ. ದಾಸೋಹಕ್ಕೆ ಚೀಟಿ ಹಚ್ಚುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಬಡಿಸುವವರು "ಮಾದಲಿ, ಗೋದೀದು ಐತ್ರೀ" ಎಂದು ಒಂದು ಮಾತು ಕೂಗಿ ಬಡಿಸಿದರೆ, ಬೇಡವೆನ್ನುವವನು ಕೈ ಅಡ್ಡ ಮಾಡುವುದಕ್ಕೆ ಕಾರಣವು ಪಂಕ್ತಿಗೆಲ್ಲ ತಿಳಿದಂತಾಗುತ್ತದೆ. ಮದುವೆಯ ಪಂಕ್ತಿಗಳಲ್ಲಿಯೂ, ಚಪಾತಿಯನ್ನೂ ರೊಟ್ಟಿಯನ್ನೂ ಒಂದೇ ಬುಟ್ಟಿಯಲ್ಲಿಟ್ಟು ತರುವ ಖಾನಾವಳಿಗಳಲ್ಲಿಯೂ ಇದೇ ಪದ್ಧತಿಯನ್ನು ಇಟ್ಟುಕೊಳ್ಳಬಹುದು, ಬುಟ್ಟಿಯಂತೂ ಎರಡಿರಲಿ.

ತಮ್ಮಲ್ಲಿ ಯಾರಾದರೂ ಒಬ್ಬರು ಅಂಥ ಕಲ್ಲನ್ನು ಮೀಸಲಿಡುವುದಾದರೆ, ಗಿರಣಿಯ ಬಾಗಿಲಿಗೆ 'ಈ ಕಲ್ಲಿನಲ್ಲಿ ಗೋಧಿ ಬೀಸುವುದಿಲ್ಲ' ಎಂಬ ಹಲಗೆಯನ್ನು ಬರೆಸಿಕೊಡುವ ಖರ್ಚು ನನ್ನದು. ಬೀಸುವ ಕೂಲಿಯನ್ನು ಕಿಲೋಗೆ ಒಂದೆರಡು ರೂಪಾಯಿ ಹೆಚ್ಚಿಗೆ ಹಿಡಿದರೂ ಕೊಡುವ ಮನೆಗಳಿವೆ.

ಇತಿ ತಮ್ಮ ವಿಶ್ವಾಸಿ,
ಯಲಬುರ್ಗಾ ತಾಲ್ಲೂಕಿನ ಒಬ್ಬ ಗಿರಾಕಿ

ತಾ.ಕ.: ರೊಟ್ಟಿಯ ಜೊತೆಗೆ ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿಗಳನ್ನೂ ಮಾರುವ ಅಕ್ಕಂದಿರಿಗೆ ಒಂದು ಮಾತು ಬಿಟ್ಟುಹೋಗಿತ್ತು. ಅಂಗಡಿಯಲ್ಲಿ ಡಬ್ಬಿಗಳಲ್ಲಿ ದೊರೆಯುವ ಹಿಂಗು ಅಪ್ಪಟ ಹಿಂಗಲ್ಲ. ಅದರ ತೀಕ್ಷ್ಣತೆಯನ್ನು ತಗ್ಗಿಸಲು ಅಂಟನ್ನೂ ಹಿಟ್ಟನ್ನೂ ಬೆರೆಸಿರುತ್ತಾರೆ, ಆ ಹಿಟ್ಟು ಬಹುಮಟ್ಟಿಗೆ ಗೋಧಿಯದು ಅಥವಾ ಮೈದಾದ್ದು. ಅಕ್ಕಿಹಿಟ್ಟು ಬೆರೆಸಿದ ಹಿಂಗೂ ಸಿಗುತ್ತದೆ. ಡಬ್ಬಿಯ ಹಿಂಬದಿಯನ್ನು ಇಂಗ್ಲಿಷ್ ಬಲ್ಲ ಶಾಲೆಯ ಹುಡುಗಿಯೊಬ್ಬಳಿಂದ ಓದಿಸಿ ಕೊಳ್ಳಿರಿ. ಗೋಧಿಯ ಹಿಂಗನ್ನೇ ಹಾಕಿದ್ದಾದರೆ, ಉಪ್ಪಿನಕಾಯಿಯ ಚೀಟಿಯ ಮೇಲೆಯೂ ಅದನ್ನು ಬರೆಯಿರಿ.